ಐದು ಹೆಬ್ಬೆಟ್ಟಿನ ಬಿಡುಗಡೆ ಪತ್ರ

ನನ್ನ ಅಪ್ಪ ಅಮ್ಮ ಬೇರೆಯಾದದ್ದು ಒಂದು ಛಾಪಾ ಕಾಗದದ ಮೇಲೆ. ಆಗ ನನಗೆ ನಾಲ್ಕು ವರ್ಷ. ಗಂಡಸಿ ಹತ್ತಿರದ ಅಜ್ಜಿಯ ಊರಿನಲ್ಲಿ, ಮಠದ ಜಗಲಿಯ ಮೇಲೆ ಕುಲದ ಹಿರಿಯರು ಐದು ಜನ ಕೂತು ಎರಡೂ ಕಡೆಯ ಮಾತು ಕೇಳಿದರಂತೆ. ಕೊನೆಗೆ ಅಮ್ಮನ ಕಾಲುಂಗುರ ತೆಗೆಸಿ, ಒಂದು ವೀಳ್ಯದೆಲೆಯನ್ನು ಅಪ್ಪ ಒಂದು ತುದಿ ಅಮ್ಮ ಒಂದು ತುದಿ ಹಿಡಿಯುವಂತೆ ಮಾಡಿ ಹರಿಸಿದರಂತೆ. ಆಮೇಲೆ ಒಬ್ಬರು ಮುದ್ದಾದ ಅಕ್ಷರದಲ್ಲಿ ಬಿಡುಗಡೆ ಪತ್ರ ಬರೆದರು. ಇಂದಿನಿಂದ ಅವರ ದಾರಿ ಅವರಿಗೆ, ಇವರ ದಾರಿ ಇವರಿಗೆ, ಇಬ್ಬರಲ್ಲಿ ಯಾರು ಬೇರೆ ಮದುವೆಯಾದರೂ ಯಾರದೂ ತಕರಾರಿಲ್ಲ ಎಂದು. ಕೆಳಗೆ ಐದು ಹೆಬ್ಬೆಟ್ಟು. ನಮ್ಮ ಕಡೆ ಅದೇ ವಿಚ್ಛೇದನ. ಕೋರ್ಟು ಇರುವುದು ಜಮೀನಿನ ಜಗಳಕ್ಕೆ ಎಂದು ಎಲ್ಲರೂ ತಿಳಿದಿದ್ದರು.

ಅಮ್ಮ ನನ್ನನ್ನು ಕರೆದುಕೊಂಡು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೆ, ತನ್ನ ಅಕ್ಕನ ಮನೆಗೆ ಬಂದಳು. ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ, ದೊಡ್ಡಪ್ಪ ತೀರಿಹೋಗಿದ್ದ. ಮುಂದಿನ ಅಂಕಣದಲ್ಲಿ ಹೊಲಿಗೆ ಮೆಷಿನ್ನು ಹಾಕಿಕೊಂಡು ಅಮ್ಮ ರವಿಕೆ ಹೊಲಿಯತೊಡಗಿದಳು. ಬಸದಿ ನೋಡಲು ಬಂದವರು ದಾರಿ ಕೇಳಿದರೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೈ ತೋರಿಸುತ್ತಿದ್ದಳು. ಅಪ್ಪ ಬಾಣಾವರದಲ್ಲಿ ಇನ್ನೊಂದು ಮದುವೆಯಾದ, ಎರಡು ಮಕ್ಕಳಾದವು. ನಾವು ಅವನ ಸುದ್ದಿಗೆ ಹೋಗಲಿಲ್ಲ, ಅವನೂ ನಮ್ಮ ಸುದ್ದಿಗೆ ಬರಲಿಲ್ಲ.

ನನಗೆ ಹನ್ನೆರಡು ವರ್ಷವಾಗಿದ್ದಾಗ ಬೇಲೂರಿನ ಒಂದು ಮನೆಯಿಂದ ಅಮ್ಮನಿಗೆ ಸಂಬಂಧ ಬಂತು. ಹುಡುಗ ಅನ್ನಲಾಗದು, ಐವತ್ತರ ಹತ್ತಿರದವರು. ಹರೆಯದಲ್ಲಿ ಒಂದು ಡಾಕ್ಟರ ಕುಟುಂಬ ಅಡುಗೆಗೆಂದು ಅಮೆರಿಕಕ್ಕೆ ಕರೆದುಕೊಂಡು ಹೋಗಿತ್ತು. ಅವರ ಮೊದಲ ಹೆಂಡತಿ ಅಲ್ಲೇ ಕಾಯಿಲೆಯಿಂದ ತೀರಿಕೊಂಡಿದ್ದಳು. ಈಗ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ, ತರಕಾರಿ ನೋಡಿಕೊಳ್ಳುವ ಕೆಲಸ. ಅವರ ತಂಗಿಯ ರವಿಕೆಗಳನ್ನು ಹೊಲಿಯುತ್ತಿದ್ದದ್ದು ಅಮ್ಮ, ಅಲ್ಲಿಂದ ಮಾತು ಬೆಳೆಯಿತು. ಹಿರಿಯರಿಗೆ ಬಿಡುಗಡೆ ಪತ್ರ ತೋರಿಸಿ, ಸೀರೆ ಉಡಿಸಿ, ತಾಳಿ ಕಟ್ಟಿಸಿದರು. ಎರಡನೇ ಮದುವೆಗೆ ನಮ್ಮಲ್ಲಿ ಕೂಡಾವಳಿ ಅನ್ನುತ್ತಾರೆ, ಓಲಗ ಇರುವುದಿಲ್ಲ. ಬೇಲೂರಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ಸರ್ಟಿಫಿಕೇಟನ್ನೂ ಮಾಡಿಸಿಕೊಂಡರು. ನಾನು ಅವರನ್ನು ಚಿಕ್ಕಪ್ಪ ಎಂದು ಕರೆದೆ. ಮೂರು ವಾರ ಇದ್ದು ಹೋದರು. ಹೋಗುವ ದಿನ ನನಗೆ ಹುರುಳಿ ಸಾರು ಮಾಡಿ ಬಡಿಸಿದರು, ಅಮ್ಮನ ಸಾರಿಗಿಂತ ಚೆನ್ನಾಗಿತ್ತು, ಅದನ್ನು ಅಮ್ಮನ ಎದುರಿಗೇ ಹೇಳಿ ಬೈಸಿಕೊಂಡೆ.

ಅವರು ಅಲ್ಲಿನ ಪ್ರಜೆಯಾದ ಮೇಲೆ ಎರಡು ಅರ್ಜಿ ಹಾಕಿದರು. ಒಂದು ಹೆಂಡತಿಗೆ, ಒಂದು ಮಗಳಿಗೆ. ಹೆಂಡತಿಯ ಅರ್ಜಿಯಲ್ಲಿ ಮಕ್ಕಳು ಸೇರುವುದಿಲ್ಲವಂತೆ, ಬೇರೆಯೇ ಹಾಕಬೇಕಂತೆ. ಮಲಮಗಳಾದರೂ ಮಗಳೇ, ಆದರೆ ತಾಯಿಯ ಮದುವೆ ಆಗುವಾಗ ಹುಡುಗಿಗೆ ಹದಿನೆಂಟು ತುಂಬಿರಬಾರದು, ಅದೊಂದೇ ಷರತ್ತು ಎಂದು ಚಿಕ್ಕಪ್ಪ ಕಾಗದದಲ್ಲಿ ಬರೆದಿದ್ದರು. ನನಗೆ ಆಗ ಹನ್ನೆರಡು ತಾನೇ ಎಂದು ನಾವು ಆ ಸಾಲನ್ನು ಮತ್ತೆ ಓದಲೇ ಇಲ್ಲ.

ಮದ್ರಾಸಿನ ವೀಸಾ ಕಚೇರಿಯಿಂದ ಕರೆ ಬರುವಷ್ಟರಲ್ಲಿ ನಾನು ಬೇಲೂರಿನ ಕಾಲೇಜಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದೆ. ಇಡೀ ಕ್ಲಾಸಿಗೆ ಸಾರಿಕೊಂಡು ಬಂದಿದ್ದೆ, ಇನ್ನು ನಿಮ್ಮ ಮುಖ ನೋಡುವುದಿಲ್ಲ ಎಂದು. ಅಮ್ಮ ಹೊಸ ಸೀರೆಗೆ ತಾನೇ ರವಿಕೆ ಹೊಲಿದುಕೊಂಡಳು. ಮದ್ರಾಸಿನಲ್ಲಿ ಗಾಜಿನ ಆಚೆ ಒಬ್ಬ ಅಧಿಕಾರಿ, ಪಕ್ಕದಲ್ಲಿ ಕನ್ನಡ ಬಲ್ಲ ಒಬ್ಬಾಕೆ. ಮೊದಲನೇ ಗಂಡನಿಂದ ವಿಚ್ಛೇದನವಾದ ಕಾಗದ ಕೊಡಿ ಎಂದರು. ಅಮ್ಮ ಇಷ್ಟು ವರ್ಷ ಸೀರೆಗಳ ನಡುವೆ ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಕವರು ತೆಗೆದು, ಛಾಪಾ ಕಾಗದವನ್ನು ಎರಡೂ ಕೈಯಲ್ಲಿ ಕೊಟ್ಟಳು. ಅಧಿಕಾರಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದು ಕೋರ್ಟಿನದ್ದಲ್ಲವಲ್ಲ" ಅಂದಳು ಕನ್ನಡದಾಕೆ.

"ಐದ್ ಜನ ದೊಡ್ಡೋರು ಒತ್ತವ್ರೆ ನೋಡಮ್ಮ" ಎಂದು ಅಮ್ಮ ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಹೆಬ್ಬೆಟ್ಟು ತೋರಿಸಿದಳು.

ಕೋರ್ಟಿನ ಡಿಕ್ರಿ ಇಲ್ಲದಿದ್ದರೆ ಮೊದಲ ಮದುವೆ ಮುರಿದಿಲ್ಲ. ಅದು ಮುರಿಯದಿದ್ದರೆ ಎರಡನೆಯದು ಮದುವೆಯೇ ಅಲ್ಲ. ಎರಡನೆಯದು ಮದುವೆಯಲ್ಲದಿದ್ದರೆ ಅರ್ಜಿ ಹಾಕಿದವರಿಗೂ ನಮಗೂ ಏನೂ ಸಂಬಂಧವಿಲ್ಲ. ಹತ್ತು ನಿಮಿಷದಲ್ಲಿ ಇಷ್ಟನ್ನೂ ಬಹಳ ಮರ್ಯಾದೆಯಿಂದ ತಿಳಿಸಿ, ವೀಸಾ ಇಲ್ಲವೆಂಬ ಒಂದು ಬಣ್ಣದ ಚೀಟಿ ಕೊಟ್ಟು ಕಳಿಸಿದರು. ಹೊರಗೆ ಬಂದು ಫುಟ್‌ಪಾತಿನ ಮೇಲೆ ನಿಂತಾಗ ಅಮ್ಮ ಕತ್ತಿಗೆ ಕೈ ಹಾಕಿ ತಾಳಿಯನ್ನು ಹೊರಗೆಳೆದಳು.

"ಹಂಗಾರೆ ಇದು ಯಾರ್ದು ಕಣೇ?" ಅಂದಳು.

ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಅಮ್ಮ ಮತ್ತೆ ಕೇಳಿದ್ದಕ್ಕೆ, ಸೆರಗಿನೊಳಗೆ ಹಾಕ್ಕೋ, ಜನ ನೋಡ್ತಾರೆ ಎಂದು ಗದರಿದೆ.

ಅರಸೀಕೆರೆಯಲ್ಲಿ ಒಬ್ಬ ವಕೀಲರನ್ನು ಹಿಡಿದೆವು. ಅವರು ಒಳ್ಳೆಯವರು, ಸುಮ್ಮನೆ ಓಡಾಡಿಸುವ ಪೈಕಿಯಲ್ಲ. ಎರಡು ದಾರಿ ಇವೆ ಎಂದರು. ಹೀಗೆ ಬಿಡುಗಡೆ ಮಾಡುವ ಪದ್ಧತಿ ನಿಮ್ಮಲ್ಲಿ ಹಿಂದಿನಿಂದ ಇದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಿದರೆ ಹಳೆಯ ಪತ್ರವೇ ಊರ್ಜಿತವಾಗುತ್ತದೆ, ಆದರೆ ವರ್ಷಗಟ್ಟಲೆ ಹಿಡಿಯುತ್ತದೆ, ಸಾಕ್ಷಿಗಳು ಬೇಕು. ಐದು ಹೆಬ್ಬೆಟ್ಟಿನಲ್ಲಿ ಮೂರು ಆಗಲೇ ಮಣ್ಣಾಗಿದ್ದವು. ನಾಲ್ಕನೆಯವರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು. ಐದನೆಯವರು, ನಾನು ಯಾವ ಕಾಗದಕ್ಕೂ ಒತ್ತಿಲ್ಲ ಎಂದು ಕೋರ್ಟಿನ ಹೆಸರು ಕೇಳಿಯೇ ಬಾಗಿಲು ಹಾಕಿಕೊಂಡರು. ಇನ್ನೊಂದು ದಾರಿ, ಅಪ್ಪ ಅಮ್ಮ ಇಬ್ಬರೂ ಒಪ್ಪಿ ಹೊಸದಾಗಿ ವಿಚ್ಛೇದನ ಕೇಳುವುದು. ಆರು ತಿಂಗಳು ಕಾಯಬೇಕು. ಡಿಕ್ರಿ ಸಿಕ್ಕ ಮೇಲೆ ಅಮ್ಮ ಚಿಕ್ಕಪ್ಪನನ್ನು ಮತ್ತೆ ಮದುವೆಯಾಗಬೇಕು, ಆ ಮದುವೆ ನನಗೆ ಹದಿನೆಂಟು ತುಂಬುವ ಮುಂಚೆ ಆಗಬೇಕು.

"ಮಗೂಗೆ ಎಷ್ಟಮ್ಮ ಈಗ?" ಎಂದು ವಕೀಲರು ಕೇಳಿದರು.

"ಈ ಕಾರ್ತೀಕ ಕಳುದ್ರೆ ಹದಿನೇಳು ಸ್ವಾಮಿ" ಅಂದಳು ಅಮ್ಮ. "ಇನ್ನೂ ಒಂದ್ ವರ್ಷದ್ ಮ್ಯಾಲೇ ಐತೆ."

ಬೇಕಾದಷ್ಟು ಸಮಯವಿದೆ ಎಂದು ವಕೀಲರು ಪೆನ್ನಿನ ಮುಚ್ಚಳ ತೆಗೆದು, ನನ್ನ ಮಾರ್ಕ್ಸ್ ಕಾರ್ಡು ಕೇಳಿದರು. ನೋಡಿ ತಲೆ ಎತ್ತಿದರು. ಅದರಲ್ಲಿ ನಾನು ಹುಟ್ಟಿದ್ದು ಆರು ತಿಂಗಳು ಮುಂಚೆ, ಮೇ ಇಪ್ಪತ್ತಕ್ಕೆ.

ಇದನ್ನು ನಮ್ಮ ಕಡೆಯ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಒಂದನೇ ಕ್ಲಾಸಿಗೆ ಸೇರಿಸಲು ಇಷ್ಟು ವರ್ಷ ಇಷ್ಟು ತಿಂಗಳು ಆಗಿರಬೇಕು ಎಂಬ ಲೆಕ್ಕವಿತ್ತು. ನಾನು ಅಜ್ಜಿಯ ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವಳು, ಯಾವ ದಫ್ತರದಲ್ಲೂ ಬರೆಸಿರಲಿಲ್ಲ. ಎರಡು ಮೂರು ತಿಂಗಳಿಗಾಗಿ ಹುಡುಗಿಗೆ ಒಂದು ವರ್ಷ ದಂಡವಾಗುವುದು ಬೇಡ ಎಂದು ಹೆಡ್‌ಮಾಸ್ಟರು ಮೇ ಇಪ್ಪತ್ತು ಎಂದು ಬರೆದುಕೊಂಡರು. ನಮ್ಮ ಶಾಲೆಯ ಅರ್ಧ ಮಕ್ಕಳು ಮೇ ಇಪ್ಪತ್ತಕ್ಕೇ ಹುಟ್ಟಿದವರು. ಹಾಜರಿ ಪುಸ್ತಕ ನೋಡಿದರೆ ಬಸ್ತಿಹಳ್ಳಿಯ ಹೆಂಗಸರೆಲ್ಲ ಮಾತಾಡಿಕೊಂಡು ಒಂದೇ ದಿನ ಹೆತ್ತರೇನೋ ಅನ್ನಿಸುತ್ತಿತ್ತು. ಅದೇ ತಾರೀಖು ಪಾಸ್‌ಪೋರ್ಟಿಗೂ ಹತ್ತಿತ್ತು. ಇದರಿಂದ ಯಾರಿಗೂ ಏನೂ ತೊಂದರೆಯಾದದ್ದು ನನಗೆ ಗೊತ್ತಿರಲಿಲ್ಲ.

"ಆದ್ರೂ ಏಪ್ರಿಲ್‌ಗೆ ಡಿಕ್ರಿ ಆಗುತ್ತೆ ಬಿಡಿ, ಮೇ ಒಳಗೆ ಮದುವೆ ಮುಗಿಸೋಣ" ಎಂದರು ವಕೀಲರು.

ಇನ್ನು ಅಪ್ಪನ ಸಹಿ. ಅವನು ಕೊಡುವುದಿಲ್ಲ, ಸತಾಯಿಸುತ್ತಾನೆ ಎಂದುಕೊಂಡೇ ನಾನು ಬಾಣಾವರಕ್ಕೆ ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಬೈಗುಳ ಜೋಡಿಸಿಕೊಂಡಿದ್ದೆ. ರೈಲ್ವೆ ಸ್ಟೇಷನ್ನಿನ ಹತ್ತಿರ ಅವನದೊಂದು ಸೈಕಲ್ ರಿಪೇರಿ ಅಂಗಡಿ. ನನ್ನನ್ನು ನೋಡಿದವನು ಗ್ರೀಸಿನ ಕೈ ಒರೆಸಿಕೊಂಡು ಎದ್ದು ನಿಂತ. ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಅಂಗಡಿಯ ಹಿಂದಿನ ಮನೆಯ ಕಡೆ ತಿರುಗಿ ನೋಡಿದ.

"ಹಂಗಾರೆ ಒಳಗವ್ಳಲ್ಲ, ಅವ್ಳೂ ನನ್ನ ಹೆಂಡ್ತಿ ಅಲ್ಲ ಅಂದಂಗಾಯ್ತಾ?" ಎಂದ. ಆಮೇಲೆ, "ಸಹಿ ಹಾಕ್ತೀನಿ ಕಣವ್ವ. ಯಾವತ್ತು ಬರಬೇಕು ಹೇಳು, ಬತ್ತೀನಿ" ಎಂದ.

ಹೊತ್ತುಕೊಂಡು ಹೋಗಿದ್ದ ಬೈಗುಳವನ್ನೆಲ್ಲ ವಾಪಸ್ಸು ಹೊತ್ತುಕೊಂಡು ಬಂದೆ.

ಆ ಆರು ತಿಂಗಳು ನಮ್ಮ ಮನೆಯಲ್ಲಿ ವಿಚಿತ್ರವಾಗಿತ್ತು. ಕಾನೂನಿನ ಪ್ರಕಾರ ಅಮ್ಮ ಮತ್ತೆ ಅಪ್ಪನ ಹೆಂಡತಿ. ಚಿಕ್ಕಪ್ಪ ವಾರಕ್ಕೊಮ್ಮೆ ಬಸ್‌ಸ್ಟ್ಯಾಂಡಿನ ಟೆಲಿಫೋನ್ ಬೂತಿಗೆ ಫೋನು ಮಾಡುವಾಗ, ಪರಗಂಡಸಿನ ಜೊತೆ ಏನು ಮಾತು ನಿಂದು ಎಂದು ನಾನು ಅಮ್ಮನನ್ನು ರೇಗಿಸುತ್ತಿದ್ದೆ. ಮೊದಲೆರಡು ಸಲ ನಕ್ಕಳು. ಮೂರನೇ ಸಲ ಅತ್ತಳು, ಆಮೇಲೆ ರೇಗಿಸುವುದನ್ನು ಬಿಟ್ಟೆ. ತಾಳಿಯನ್ನು ತೆಗೆಯಲೂ ಇಲ್ಲ, ಹೊರಗೆ ಕಾಣಿಸಲೂ ಇಲ್ಲ. ರವಿಕೆಯ ಕತ್ತನ್ನು ಒಂದಿಂಚು ಮೇಲೆ ಹೊಲಿದುಕೊಂಡಳು.

ಏಪ್ರಿಲ್ಲಿನ ಆ ದಿನ ನಾವು ಬೆಳಗ್ಗೆ ಎಂಟಕ್ಕೇ ಅರಸೀಕೆರೆ ಕೋರ್ಟಿನ ಮುಂದೆ ಇದ್ದೆವು. ಅಪ್ಪ ನಮಗಿಂತ ಮುಂಚೆ ಬಂದು, ಬಿಳಿ ಶರ್ಟು ಹಾಕಿಕೊಂಡು, ಹುಣಸೆಮರದ ಕೆಳಗೆ ಕೂತಿದ್ದ. ಅಮ್ಮನಿಗೆ ಜಾಗ ಬಿಟ್ಟು ಆಚೆ ಸರಿದ. ಹದಿಮೂರು ವರ್ಷದ ಮೇಲೆ ಇಬ್ಬರೂ ಒಂದೇ ಕಲ್ಲಿನ ಮೇಲೆ ಕೂತು ಜಡ್ಜು ಬರುವುದನ್ನು ಕಾದರು. ಹತ್ತೂವರೆಗೆ ವಕೀಲರು ಕೋಟಿಲ್ಲದೆ ಬಂದರು. ಎಲ್ಲೋ ಯಾವ ಊರಿನಲ್ಲೋ ಒಬ್ಬ ವಕೀಲರ ಮೇಲೆ ಯಾರೋ ಕೈ ಮಾಡಿದ್ದರಂತೆ, ಅದಕ್ಕಾಗಿ ಎಲ್ಲ ಕಡೆ ಕಲಾಪ ಬಹಿಷ್ಕಾರ. ಒಳಗೆ ಬೆಂಚು ಗುಮಾಸ್ತರು ಹೊಸ ತಾರೀಖು ಬರೆಯುತ್ತಿದ್ದರು. ಅಷ್ಟರಲ್ಲಿ ಬೇಸಿಗೆ ರಜೆ ಬರುತ್ತದೆ, ಕೋರ್ಟು ತೆರೆಯುವುದು ಮೇ ಕೊನೆಗೆ. ನಮಗೆ ಸಿಕ್ಕಿದ್ದು ಜೂನ್.

ನಾನು ಕೂಗಾಡಿದೆ. ಹುಣಸೆಮರದ ಕೆಳಗೆ ನಿಂತು, ಅವರಿಗೆ ಹೊಡೆದದ್ದಕ್ಕೆ ನಮ್ಮನ್ಯಾಕೆ ಹೊಡೀತೀರಿ ಎಂದು ವಕೀಲರನ್ನೇ ಕೇಳಿದೆ. ಅವರು ತಲೆ ತಗ್ಗಿಸಿದರು. ನಾನೊಬ್ಬನೇ ಒಳಗೆ ಹೋದರೆ ಸಂಘದಿಂದ ಹೊರಗೆ ಹಾಕ್ತಾರಮ್ಮ ಎಂದರು. ಅಪ್ಪ ಹೋಗಿ ನಮಗೆಲ್ಲ ಕಬ್ಬಿನ ಹಾಲು ತಂದ. ಕುಡಿದೆವು, ಇನ್ನೇನು ಮಾಡುವುದು.

ಅಮ್ಮ ಸುಮ್ಮನಾಗಲಿಲ್ಲ. ಮಾರನೇ ವಾರ ನನ್ನನ್ನು ಎಳೆದುಕೊಂಡು ಬೇಲೂರಿನಲ್ಲಿದ್ದ ಹೆಡ್‌ಮಾಸ್ಟರ ಮನೆಗೆ ಹೋದಳು. ರಿಟೈರ್ ಆಗಿ ಆರು ವರ್ಷವಾಗಿತ್ತು. ಹುಡುಗಿ ಹುಟ್ಟಿದ್ದು ಕಾರ್ತೀಕದಲ್ಲಿ, ತಾರೀಖು ಹಿಂದಕ್ಕೆ ಹಾಕಿದ್ದು ನಾನೇ ಎಂದು ಒಂದು ಕಾಗದ ಬರೆದುಕೊಡಿ ಎಂದು ಕೈ ಮುಗಿದಳು. ಅವರು ಕಾಫಿ ತರಿಸಿದರು, ನನ್ನ ಪಿಯುಸಿ ಪರೀಕ್ಷೆಯ ಬಗ್ಗೆ ಕೇಳಿದರು.

"ಹಂಗೆ ಬರೆದುಕೊಟ್ರೆ ನಾನು ಸುಳ್ಳು ದಾಖಲೆ ಮಾಡ್ದೆ ಅಂತ ಒಪ್ಪಿಕೊಂಡಂಗಲ್ವಾ ತಾಯಿ? ನನ್ನ ಪಿಂಚಣಿ ನಿಂತು ಹೋಗುತ್ತೆ" ಎಂದರು. "ಮಗು ಮುಂದಕ್ಕೆ ಬರಲಿ ಅಂತ ತಾನೇ ಮಾಡಿದ್ದು."

ಅದು ನಿಜವೇ ಆಗಿತ್ತು. ಅವರು ಹಾಗೆ ಮಾಡಿರದಿದ್ದರೆ ನಾನು ಒಂದು ವರ್ಷ ಹಿಂದೆ ಇರುತ್ತಿದ್ದೆ. ಕಾಫಿ ಕುಡಿದು ಬಂದೆವು. ಈಗ ಹೊಸದಾಗಿ ಜನನ ಪತ್ರ ಮಾಡಿಸಿದರೆ ಅನುಮಾನ ಹೆಚ್ಚುತ್ತದೆ, ಪಾಸ್‌ಪೋರ್ಟಿಗೂ ಹೊಂದುವುದಿಲ್ಲ ಎಂದು ವಕೀಲರೂ ಹೇಳಿದರು. ಮೇ ಇಪ್ಪತ್ತು ಬಂತು. ಅವತ್ತು ನಾನು ಬೇಕೆಂದೇ ಹೊತ್ತೇರುವ ತನಕ ಮಲಗಿದ್ದೆ. ಅಮ್ಮ ಎಬ್ಬಿಸಲಿಲ್ಲ.

ಜೂನಿನಲ್ಲಿ ಡಿಕ್ರಿಯಾಯಿತು, ಐದು ನಿಮಿಷದ ಕೆಲಸ. ಜಡ್ಜು ಇಬ್ಬರನ್ನೂ ಕೇಳಿದರು, ಇಬ್ಬರೂ ಹೂಂ ಎಂದರು. ಜುಲೈನಲ್ಲಿ ಚಿಕ್ಕಪ್ಪ ರಜೆ ಹಾಕಿ ಬಂದು, ಅದೇ ರಿಜಿಸ್ಟ್ರಾರ್ ಕಚೇರಿಯಲ್ಲಿ, ಅದೇ ಹೆಂಗಸನ್ನು ಮತ್ತೆ ಮದುವೆಯಾದರು. ಅವತ್ತಿಗೆ ನನಗೆ ಹದಿನೇಳು ವರ್ಷ ಎಂಟು ತಿಂಗಳು. ಕಾಗದದ ಮೇಲೆ ಹದಿನೆಂಟು ದಾಟಿ ಎರಡು ತಿಂಗಳು. ಅರ್ಜಿ ಎರಡೂ ಮತ್ತೆ ಮೊದಲಿನಿಂದ ಹೋದವು. ನನ್ನದು ಬಿದ್ದುಹೋಗಬಹುದು, ಆದರೂ ಶುಲ್ಕ ಕಟ್ಟಿ ನೋಡೋಣ ಎಂದರು ಚಿಕ್ಕಪ್ಪ. ಒಂದು ವರ್ಷದ ಮೇಲೆ ಮದ್ರಾಸಿನಿಂದ ಮತ್ತೆ ಕರೆ ಬಂತು. ಹೊರಡುವ ಮುನ್ನ ವಕೀಲರು ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು, ಅಲ್ಲಿ ಕಾರ್ತೀಕದ ಮಾತು ಎತ್ತಬೇಡ, ಒಂದು ಕಾಗದ ಸುಳ್ಳು ಅಂದರೆ ನಿಮ್ಮಮ್ಮನ ಕಾಗದಗಳೂ ಅನುಮಾನಕ್ಕೆ ಬೀಳುತ್ತವೆ ಎಂದು ಎಚ್ಚರಿಸಿದರು.

ಎತ್ತಬಾರದೆಂದೇ ಹೋಗಿದ್ದೆ. ಬಲಗೈ ಮೇಲೆತ್ತಿಸಿ ಸತ್ಯವನ್ನೇ ಹೇಳುತ್ತೇವೆ ಎಂದು ಪ್ರಮಾಣ ಮಾಡಿಸಿದರು. ಈ ಸಲ ಬೇರೆ ಅಧಿಕಾರಿ, ವಯಸ್ಸಾದ ಹೆಂಗಸು, ಮುಖದಲ್ಲಿ ಕರುಣೆಯಿತ್ತು. ಅಮ್ಮನ ಡಿಕ್ರಿ ನೋಡಿದರು, ಮದುವೆ ಸರ್ಟಿಫಿಕೇಟು ನೋಡಿದರು, ಸರಿ ಎಂದರು. ನನ್ನ ಪಾಸ್‌ಪೋರ್ಟು ತೆಗೆದರು. ಮದುವೆಯ ದಿನ ನಿಮಗೆ ಹದಿನೆಂಟು ತುಂಬಿತ್ತಲ್ಲ ಎಂದು ಕನ್ನಡದಾಕೆಯ ಬಾಯಲ್ಲಿ ಕೇಳಿಸಿದರು. ಆ ಕರುಣೆಯ ಮುಖ ನೋಡಿ ನನಗೆ ತಡೆಯಲಾಗಲಿಲ್ಲ.

"ತುಂಬಿರಲಿಲ್ಲ, ನಾನು ಹುಟ್ಟಿದ್ದು ಕಾರ್ತೀಕದಲ್ಲಿ" ಎಂದುಬಿಟ್ಟೆ.

ಅಧಿಕಾರಿಯ ಪೆನ್ನು ನಿಂತಿತು. ಹಾಗಾದರೆ ಈ ತಾರೀಖು ಸುಳ್ಳೇ, ಪಾಸ್‌ಪೋರ್ಟಿಗೆ ಸುಳ್ಳು ಕೊಟ್ಟವರು ಯಾರು, ಇನ್ನು ಯಾವ ಯಾವ ಕಾಗದ ಹೀಗಿವೆ ಎಂದು ಒಂದರ ಹಿಂದೆ ಒಂದು ಕೇಳಿದರು. ಆಗಲೇ ಬದಿಗಿಟ್ಟಿದ್ದ ಅಮ್ಮನ ಫೈಲನ್ನು ಮತ್ತೆ ಎದುರಿಗೆ ಎಳೆದುಕೊಂಡರು. ಕನ್ನಡದಾಕೆ ಅಮ್ಮನ ಕಡೆ ತಿರುಗಿದಳು.

"ನೀವು ಹೇಳಿ. ಇವಳನ್ನ ನೀವು ಹೆತ್ತದ್ದು ಯಾವತ್ತು?"

ಅಮ್ಮ ನನ್ನ ಮುಖ ನೋಡಿದಳು. ಅವಳು ಸತ್ಯ ಹೇಳುತ್ತಾಳೆ ಎಂದು ನನಗೆ ಗೊತ್ತಾಯಿತು, ನನ್ನ ಪರವಾಗಿ ನಿಲ್ಲುತ್ತಾಳೆ, ಎಲ್ಲ ಕಳೆದುಕೊಳ್ಳುತ್ತಾಳೆ. ಅವಳ ಕಾಲನ್ನು ಚಪ್ಪಲಿಯಿಂದ ಗಟ್ಟಿಯಾಗಿ ತುಳಿದೆ.

"ಕಾಗ್ದದಾಗೆ ಐತಲ್ಲವ್ವ" ಅಂದಳು ಅಮ್ಮ. "ಮೇ ಇಪ್ಪತ್ತು."

ನೀವೇನು ಹೇಳುತ್ತೀರಿ ಎಂದು ನನ್ನನ್ನು ಕೇಳಿದರು. ನನಗೇ ತಪ್ಪು ತಿಳಿದಿತ್ತು, ಅಮ್ಮ ಹೇಳಿದ್ದೇ ಸರಿ ಎಂದೆ. ಅಮ್ಮನ ಫೈಲು ಮತ್ತೆ ಬದಿಗೆ ಹೋಯಿತು. ಅವಳಿಗೆ ವೀಸಾ, ನನಗೆ ಇನ್ನೊಂದು ಬಣ್ಣದ ಚೀಟಿ.

ವಾಪಸ್ಸು ಬರುವಾಗ ರೈಲಿನಲ್ಲಿ ಅಮ್ಮ ಇದ್ದಕ್ಕಿದ್ದಂತೆ ಶುರು ಮಾಡಿದಳು. ನೋವು ಬಂದಾಗ ರಾಗಿ ಕುಯ್ಯುತ್ತಿದ್ದರಂತೆ, ಸೂಲಗಿತ್ತಿ ಹೊಲದಿಂದಲೇ ಓಡಿ ಬಂದಳಂತೆ, ಬೀದಿಯಲ್ಲೆಲ್ಲ ಕಾರ್ತೀಕದ ದೀಪ ಹಚ್ಚುವ ಹೊತ್ತಂತೆ. ನಾನು ಇದನ್ನು ನೂರು ಸಲ ಕೇಳಿದ್ದೆ. ಎದುರು ಕೂತಿದ್ದ ಗೊತ್ತಿಲ್ಲದ ಹೆಂಗಸಿಗೂ ಹೇಳಿದಳು. ನನಗೆ ನಾಚಿಕೆಯಾಯಿತು, ದುಃಖವೂ ಆಯಿತು. ಕಿಟಕಿಯ ಕಡೆ ತಿರುಗಿಕೊಂಡೆ.

ವೀಸಾಕ್ಕೆ ಆರು ತಿಂಗಳ ಅವಧಿ ಇತ್ತು. ನಾನು ಹೋಗಲ್ಲ ಎಂದಳು ಅಮ್ಮ. ಚಿಕ್ಕಪ್ಪ ಫೋನಿನಲ್ಲಿ ಏನೂ ಒತ್ತಾಯ ಮಾಡಲಿಲ್ಲ, ನಿನಗೆ ಹೆಂಗೆ ಸರಿ ಅನ್ನಿಸುತ್ತೋ ಹಂಗೆ ಮಾಡು ಎಂದರು, ಅದೇ ನನಗೆ ಇನ್ನೂ ಕಷ್ಟವಾಯಿತು. ಏಳು ವರ್ಷ ಕಾದ ಮನುಷ್ಯ. ಅಲ್ಲಿಗೆ ಹೋದರೆ ಅಮ್ಮನೇ ನನಗೆ ಅರ್ಜಿ ಹಾಕಬಹುದಂತೆ, ಹೆತ್ತ ತಾಯಿಗೆ ಹದಿನೆಂಟರ ಅಡ್ಡಿ ಇಲ್ಲವಂತೆ. ಆದರೆ ಸರದಿ ಬರಲು ವರ್ಷಗಳೇ ಹಿಡಿಯುತ್ತವೆ, ಅಲ್ಲಿಯವರೆಗೆ ನಾನು ಮದುವೆಯಾಗುವಂತಿಲ್ಲ. ಮಗಳೇ ಮದುವೆಯಾಗಬೇಡ ಎಂದು ಹೇಳಬೇಕಾದ ತಾಯಿ ನಮ್ಮ ಕಡೆ ನೀನೊಬ್ಬಳೇ ಎಂದು ನಕ್ಕೆ. ಹೋಗು, ಹೋಗು, ದೊಡ್ಡಮ್ಮ ಇದ್ದಾಳಲ್ಲ, ನಾನೇನು ಎಳೆಕೂಸೇ ಎಂದೆ. ಸಿಟ್ಟಿನಲ್ಲಿ ಎಂದೆ, ತಮಾಷೆಗೆ ಎಂದೆ, ಊಟ ಮಾಡುವಾಗ ಎಂದೆ. ದಿನಕ್ಕೆ ಹತ್ತು ಸಲ ಎಂದಿರಬೇಕು. ಅವಳು ಪ್ರತಿ ಸಲವೂ ಇಲ್ಲ ಅನ್ನುತ್ತಿದ್ದಳು, ಅದನ್ನು ಕೇಳಿಸಿಕೊಳ್ಳುವುದಕ್ಕೇ ನಾನು ಮತ್ತೆ ಮತ್ತೆ ಹೇಳುತ್ತಿದ್ದೆ.

ಅವಧಿಗೆ ಮೂರು ವಾರ ಉಳಿದಿದ್ದಾಗ ಒಂದು ಮಧ್ಯಾಹ್ನ ಅಮ್ಮ ಮೆಷಿನ್ನು ನಿಲ್ಲಿಸಿ, ದಾರ ಕತ್ತರಿಸಿ, ನನ್ನ ಕಡೆ ತಿರುಗಿದಳು.

"ಹೋಗ್ಲೇನೇ?" ಅಂದಳು.

ನಾನು ಬೇರೆ ಏನಾದರೂ ಹೇಳಬಹುದೆಂದು ಕಾಯುತ್ತಿದ್ದಳು ಎಂದು ಈಗ ಅನ್ನಿಸುತ್ತದೆ.

"ಹೋಗು" ಎಂದೆ.

ಅವಳು ಹೋಗುತ್ತಾಳೆ ಎಂದು ನಾನು ಅಂದುಕೊಂಡಿರಲಿಲ್ಲ.